ಸಿಸೇರಿಯನ್ ಆದ ಕೂಸಿನ ವರದಿಯಲ್ಲಿ ಹೃದಯದ ಅಂಕಿ ‘ಹೈ’ ಎಂದು ಬಂದರೆ

ಪ್ರಶ್ನೆ: ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯದಕ್ಕೂ 38 ವಾರಕ್ಕೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿದರು. ಮಗು 2.9 ಕೆ.ಜಿ., ಹುಟ್ಟಿದ ಕೂಡಲೇ ಅತ್ತಿತು. 30 ಗಂಟೆ ಆದಾಗ ಎದೆಯಲ್ಲಿ ಸಣ್ಣ ಮರ್ಮರ (ಬಡಿತದ ಜೊತೆಗೆ ಕೇಳುವ ಸುಯ್ ಎಂಬ ಸದ್ದು) ಕೇಳಿಸುತ್ತದೆ ಎಂದು ರಕ್ತ ತೆಗೆದರು. ಹೃದಯದ ಸ್ಥಿತಿ ತಿಳಿಯಲು ಮಾಡುವ ಎರಡು ಪರೀಕ್ಷೆಗಳಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 4,860, ಟ್ರೋಪೊನಿನ್ ಟಿ 62. ಎರಡರ ಮುಂದೆಯೂ ‘ಹೈ’ ಎಂದಿದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಸಣ್ಣ ಡಕ್ಟಸ್ (ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಅಡ್ಡನಾಳ) ತೆರೆದಿದೆ, ಉಳಿದದ್ದು ಸರಿ ಎಂದರು. ಈಗ ಮಗುವಿಗೆ 9 ದಿನ. ನಾರ್ಮಲ್ ಆಗಿದ್ದರೆ ಹೃದಯಕ್ಕೆ ಇಷ್ಟು ಶ್ರಮ ಆಗುತ್ತಿರಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನಿಜವೇ? ಪರೀಕ್ಷೆ ಮತ್ತೆ ಮಾಡಿಸಬೇಕೇ?

ಉತ್ತರ: ಮನೆಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಬರೆದಿರುವ ಎರಡು ಅಂಕಿಗಳೂ 30 ಗಂಟೆಯ ಆರೋಗ್ಯವಂತ ಕೂಸಿನಲ್ಲಿ ಕಾಣುವಂಥವೇ. ವರದಿಯಲ್ಲಿ ‘ಹೈ’ ಬಿದ್ದದ್ದಕ್ಕೆ ಕಾರಣ, ಲ್ಯಾಬಿನ ಕಂಪ್ಯೂಟರ್ ನಿಮ್ಮ ಕೂಸನ್ನು ದೊಡ್ಡವರ ಮಿತಿಯೊಂದಿಗೆ ಹೋಲಿಸಿದ್ದು. ಎನ್‌ಟಿ-ಪ್ರೊಬಿಎನ್‌ಪಿಗೆ ದೊಡ್ಡವರಲ್ಲಿ ಸಾಮಾನ್ಯವಾಗಿ ಹಾಕುವ ಗೆರೆ ಪ್ರತಿ ಮಿ.ಲೀ.ಗೆ 125 ಪಿಕೊಗ್ರಾಂ. ಟ್ರೋಪೊನಿನ್ ಟಿಗೆ, ಹೊಸ ಸೂಕ್ಷ್ಮ ವಿಧಾನದಲ್ಲಿ, ಪ್ರತಿ ಲೀಟರಿಗೆ 14 ನ್ಯಾನೊಗ್ರಾಂ. ಹುಟ್ಟಿದ ಮೊದಲ ವಾರದಲ್ಲಿ ಈ ಗೆರೆಗಳಿಗೆ ಅರ್ಥವೇ ಇಲ್ಲ.

ಎನ್‌ಟಿ-ಪ್ರೊಬಿಎನ್‌ಪಿ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಮುಂದಿನದು ಸುಲಭ. ಹೃದಯದ ಕೆಳಗಿನ ಕೋಣೆಗಳ ಗೋಡೆ ಹಿಗ್ಗಿದಾಗ ಅಲ್ಲಿನ ಜೀವಕೋಶಗಳು 108 ಅಮೈನೊ ಆಮ್ಲಗಳ ಒಂದು ಸರಪಳಿ ತಯಾರಿಸುತ್ತವೆ. ಅದು ತುಂಡಾಗಿ 32ರದ್ದು ಬಿಎನ್‌ಪಿ ಆಗುತ್ತದೆ, ಉಳಿದ 76ರದ್ದು ಎನ್‌ಟಿ-ಪ್ರೊಬಿಎನ್‌ಪಿ. ಬಿಎನ್‌ಪಿಯಲ್ಲಿರುವ ‘ಬಿ’ ಎಂದರೆ ಬ್ರೈನ್, ಮಿದುಳು. 1988ರಲ್ಲಿ ಜಪಾನಿನ ಸಂಶೋಧಕರು ಅದನ್ನು ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ. ಮುಖ್ಯ ಮೂಲ ಹೃದಯ ಎಂದು ಆಮೇಲೆ ತಿಳಿದರೂ ಹೆಸರು ಹಾಗೇ ಉಳಿಯಿತು. ಬಿಎನ್‌ಪಿ ರಕ್ತದಲ್ಲಿ ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ, ಹೊರಹೋಗಲು ಮೂತ್ರಪಿಂಡವನ್ನೇ ಹೆಚ್ಚು ನೆಚ್ಚಿಕೊಂಡಿದೆ. ಇದು ಗೋಡೆ ಎಷ್ಟು ಎಳೆತಕ್ಕೆ ಸಿಕ್ಕಿದೆ ಎನ್ನುವುದರ ಅಳತೆ. ಹೃದಯಕ್ಕೆ ಗಾಯವಾಗಿದೆ ಎಂದು ಇದು ಹೇಳುವುದಿಲ್ಲ. ಗಾಯದ ಸುಳಿವು ಕೊಡುವುದು ಟ್ರೋಪೊನಿನ್, ಅದು ಹೃದಯಸ್ನಾಯುವಿನ ನಾರಿನ ಒಂದು ಭಾಗ.

ಈಗ ಹುಟ್ಟಿನ ಗಳಿಗೆಗೆ ಬನ್ನಿ. ಹೊಟ್ಟೆಯೊಳಗೆ ಇರುವಾಗ ಕೂಸಿನ ಶ್ವಾಸಕೋಶ ಕೆಲಸ ಮಾಡುವುದಿಲ್ಲ. ಹೃದಯ ಹೊರದೂಡುವ ರಕ್ತದಲ್ಲಿ ನೂರಕ್ಕೆ 10ರಿಂದ 20 ಪಾಲು ಮಾತ್ರ ಅತ್ತ ಹೋಗುತ್ತದೆ. ಬಲಗೋಣೆ ದೂಡುವ ಉಳಿದ ರಕ್ತ ಡಕ್ಟಸ್ ಎಂಬ ಅಡ್ಡನಾಳದ ಮೂಲಕ ಮೈಗೂ ಮಾಸಿಗೂ ಹರಿಯುತ್ತದೆ. ಕೂಸು ಮೊದಲ ಉಸಿರು ಎಳೆದಾಗ ಶ್ವಾಸಕೋಶದ ನಾಳಗಳು ತೆರೆದುಕೊಳ್ಳುತ್ತವೆ, ಅಷ್ಟೂ ರಕ್ತ ಅಲ್ಲಿಂದ ತಿರುಗಿ ಎಡಗೋಣೆಗೆ ಬಂದು ಬೀಳುತ್ತದೆ. ಬಳ್ಳಿ ಕಟ್ಟಿದಾಗ ಮಾಸಿನ ಸಡಿಲ ದಾರಿ ಮುಚ್ಚಿ, ಎಡಗೋಣೆ ಹೆಚ್ಚು ಒತ್ತಡದ ಎದುರು ದೂಡಬೇಕಾಗುತ್ತದೆ. ಹೀಗೆ ತುಂಬುವ ರಕ್ತವೂ ಹೆಚ್ಚಿ ಎದುರೊತ್ತಡವೂ ಏರಿದಾಗ ಗೋಡೆ ಹಿಗ್ಗದೆ ಇರುವುದಿಲ್ಲ. ಆದ್ದರಿಂದ ಬಳ್ಳಿಯ ರಕ್ತದಲ್ಲಿ ಕಡಿಮೆ ಇರುವ ಎನ್‌ಟಿ-ಪ್ರೊಬಿಎನ್‌ಪಿ ಮೊದಲ ಒಂದೆರಡು ದಿನದಲ್ಲಿ ಹಲವು ಪಟ್ಟು ಏರಿ, ಮೂರನೆಯ ದಿನದ ಹೊತ್ತಿಗೆ ಇಳಿಮುಖವಾಗುತ್ತದೆ. ಮೂತ್ರಪಿಂಡ ಇನ್ನೂ ಎಳಸು, ಹಾಗಾಗಿ ಇಳಿತ ನಿಧಾನ. ಇದು ನಾರ್ಮಲ್ ಆಗಿ ಹುಟ್ಟಿದ ಕೂಸಿಗೂ ಒಂದೇ, ಸಿಸೇರಿಯನ್ ಆದ ಕೂಸಿಗೂ ಒಂದೇ.

ಮಕ್ಕಳ ಹೃದಯತಜ್ಞರು ಹೆಚ್ಚಾಗಿ ನೋಡುವ ಒಂದು ಪಟ್ಟಿ 2009ರಲ್ಲಿ ಪ್ರಕಟವಾದದ್ದು. ಅದರ ಪ್ರಕಾರ ಮೊದಲ ಎರಡು ದಿನ ಆರೋಗ್ಯವಂತ ಶಿಶುಗಳ ನಡುಮಟ್ಟ 3,183 ಪಿಕೊಗ್ರಾಂ, ನೂರರಲ್ಲಿ 95 ಶಿಶುಗಳು 11,987ರ ಒಳಗೆ. 3ರಿಂದ 11 ದಿನದವರೆಗೆ ನಡುಮಟ್ಟ 2,210, ಮೇಲಿನ ಗೆರೆ 5,918. ತಿಂಗಳು ದಾಟಿದ ಮೇಲೆ ಒಂದು ವರ್ಷದವರೆಗೆ ನಡುಮಟ್ಟ 141ಕ್ಕೂ ಮೇಲಿನ ಗೆರೆ 646ಕ್ಕೂ ಇಳಿಯುತ್ತದೆ. ನಿಮ್ಮ ಮಗುವಿನ 4,860 ಆ ಹೊತ್ತಿನ ಗೆರೆಯ ಅರ್ಧಕ್ಕೂ ಕೆಳಗಿದೆ. ಕೆಲವು ಲ್ಯಾಬ್‌ಗಳು ಪಿಕೊಮೋಲ್‌ನಲ್ಲಿ ಕೊಡುತ್ತವೆ, ಅದನ್ನು 8.46ರಿಂದ ಗುಣಿಸಿದರೆ ಪಿಕೊಗ್ರಾಂ ಸಿಗುತ್ತದೆ. ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿಸಿ 575 ಎಂದು ಬಂದರೆ ಇಳಿದಿದೆ ಎಂದು ಸಂಭ್ರಮಿಸುವ ಮೊದಲು ಮಾನ ನೋಡಿ, ಅದು ಹಳೆಯ 4,860ವೇ ಆಗಿರಬಹುದು. ಟ್ರೋಪೊನಿನ್ನಿಗೂ ಹೀಗೇ: 62 ನ್ಯಾನೊಗ್ರಾಂ ಪ್ರತಿ ಲೀಟರ್ ಎಂಬುದೂ 0.062 ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್ ಎಂಬುದೂ ಒಂದೇ. ಎಳೆಯ ಹೃದಯಸ್ನಾಯು ವೇಗವಾಗಿ ತನ್ನನ್ನು ತಿದ್ದಿಕೊಳ್ಳುತ್ತಿರುವುದರಿಂದ ಮೊದಲ ದಿನಗಳಲ್ಲಿ ಆರೋಗ್ಯವಂತ ಕೂಸುಗಳಲ್ಲೂ ಟ್ರೋಪೊನಿನ್ ಟಿ ದೊಡ್ಡವರ ಮಿತಿಯ ನಾಲ್ಕೈದು ಪಟ್ಟು ಕಾಣುವುದು ಅಪರೂಪವಲ್ಲ.

ಹೆರಿಗೆಯ ವಿಧಕ್ಕೂ ಈ ಅಂಕಿಗಳಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಆದರೆ ಮನೆಯಲ್ಲಿ ಹೇಳುತ್ತಿರುವ ರೀತಿಯದಲ್ಲ. ಹೆರಿಗೆ ನೋವು ಬಂದಾಗ ಗರ್ಭಕೋಶ ಬಿಗಿಯುತ್ತದೆ, ಬಿಗಿದಷ್ಟು ಹೊತ್ತು ಮಾಸಿಗೆ ಹೋಗುವ ತಾಯಿಯ ರಕ್ತ ತಗ್ಗುತ್ತದೆ. ನೋವಿನ ನಡುವಿನ ಬಿಡುವಿನಲ್ಲಿ ಕೂಸು ಚೇತರಿಸಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಐದರವರೆಗೆ ನೋವು ಬಂದರೆ ಈ ಬಿಡುವು ಸಾಕು. ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಜೋರಾಗಿ ಐದನ್ನು ದಾಟಿದರೆ, ಅಥವಾ ತಾಯಿ ಮುಕ್ಕುವ ಹಂತ ಬಹಳ ಉದ್ದವಾದರೆ, ಬಿಡುವು ಸಾಲದೆ ಕೂಸಿನ ರಕ್ತ ಆಮ್ಲೀಯವಾಗತೊಡಗುತ್ತದೆ. ಸಹಜ ಮಿತಿಯಲ್ಲಿರುವ ಒತ್ತಡವಾದರೆ ಕೂಸಿಗೆ ಉಪಕಾರಿ. 1980ರ ದಶಕದಲ್ಲಿ ಸ್ವೀಡನ್ನಿನ ಶಿಶುತಜ್ಞ ಹ್ಯೂಗೊ ಲಾಗರ್‌ಕ್ರಾಂಟ್ಸ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ನೋವು ತಿಂದು ಹುಟ್ಟಿದ ಕೂಸಿನ ರಕ್ತದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಭಾರೀ ದುಡಿಮೆಯಲ್ಲಿರುವ ದೊಡ್ಡವರಲ್ಲಿ ಕಾಣುವುದಕ್ಕಿಂತಲೂ ಹೆಚ್ಚಿರುತ್ತವೆ. ಶ್ವಾಸಕೋಶದ ನೀರು ಹೀರಿಕೊಳ್ಳಲು, ಮೈ ಬಿಸಿ ಹಿಡಿಯಲು, ರಕ್ತದ ಸಕ್ಕರೆ ಏರಿಸಲು, ಹೃದಯ ಗಟ್ಟಿಯಾಗಿ ಬಡಿಯಲು ಇವು ಬೇಕು. ನೋವು ಶುರುವಾಗುವ ಮೊದಲೇ ಮಾಡಿದ ಸಿಸೇರಿಯನ್‌ನಲ್ಲಿ ಈ ಏರಿಕೆ ಬಹಳ ಕಡಿಮೆ, ಕಾರ್ಟಿಸಾಲ್ ಕೂಡ ಕಡಿಮೆ. ಕೊಪೆಪ್ಟಿನ್ ಎಂಬ ಇನ್ನೊಂದು ಒತ್ತಡ ಸೂಚಕದಲ್ಲಿ ಈ ಅಂತರ ಎದ್ದು ಕಾಣುತ್ತದೆ: ನಾರ್ಮಲ್ ಆದ ಕೂಸಿನ ಬಳ್ಳಿ ರಕ್ತದಲ್ಲಿ ನೂರಾರು ಪಿಕೊಮೋಲ್, ಕೆಲವೊಮ್ಮೆ ಸಾವಿರವೂ ದಾಟುತ್ತದೆ, ನೋವಿಲ್ಲದೆ ಸಿಸೇರಿಯನ್ ಆದ ಕೂಸಿನಲ್ಲಿ ಹೆಚ್ಚಾಗಿ ದೊಡ್ಡವರ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ. ಹುಟ್ಟುವ ಗಳಿಗೆಯ ಒತ್ತಡವನ್ನೇ ಅಳೆಯುವುದಾದರೆ ನಿಮ್ಮ ಕೂಸು ಪಟ್ಟದ್ದು ನಾರ್ಮಲ್ ಆದವಕ್ಕಿಂತ ಕಡಿಮೆ.

ಹೃದಯದ ಅಂಕಿಗಳ ಮಟ್ಟಿಗೆ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಬಳ್ಳಿ ರಕ್ತದ ಎನ್‌ಟಿ-ಪ್ರೊಬಿಎನ್‌ಪಿ ನಾರ್ಮಲ್‌ನಲ್ಲಿ ತುಸು ಹೆಚ್ಚು ಎಂದವರಿದ್ದಾರೆ, ವ್ಯತ್ಯಾಸ ಕಾಣಲಿಲ್ಲ ಎಂದವರೂ ಇದ್ದಾರೆ. ಗೊಂದಲ ಹುಟ್ಟುವುದು ‘ಸಿಸೇರಿಯನ್’ ಎಂಬ ಒಂದೇ ಪದದಡಿ ಎರಡು ಬೇರೆ ಹೆರಿಗೆಗಳನ್ನು ತುಂಬಿದಾಗ. ನೋವೇ ಬಾರದೆ ಬೆಳಿಗ್ಗೆ ಹತ್ತಕ್ಕೆ ಮಾಡಿದ್ದು ಒಂದು. ಹನ್ನೆರಡು ಗಂಟೆ ನೋವು ತಿಂದು, ಕೂಸಿನ ಎದೆಬಡಿತ ಮತ್ತೆ ಮತ್ತೆ ಇಳಿದು, ರಾತ್ರಿ ಎರಡಕ್ಕೆ ತುರ್ತಾಗಿ ಮಾಡಿದ್ದು ಇನ್ನೊಂದು. ಎರಡನೆಯದರಲ್ಲಿ ಅಂಕಿ ಏರಿದ್ದರೆ ಅದಕ್ಕೆ ಕಾರಣ ಹೊಟ್ಟೆ ಕೊಯ್ದದ್ದಲ್ಲ, ಅದಕ್ಕೂ ಮೊದಲು ಆಮ್ಲಜನಕ ಸಾಲದೆ ಹೋದದ್ದು. ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಾಕಿದ ಹೆರಿಗೆಗೂ ಇದೇ ಮಾತು. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ನಂಟು ಇದು: ಹೊಟ್ಟೆಯೊಳಗೇ ಕೂಸು ಸಂಕಟಕ್ಕೆ ಸಿಕ್ಕಿದ್ದರೆ, ಬಳ್ಳಿ ರಕ್ತ ಆಮ್ಲೀಯವಾಗಿದ್ದರೆ, ಎನ್‌ಟಿ-ಪ್ರೊಬಿಎನ್‌ಪಿಯೂ ಟ್ರೋಪೊನಿನ್ನೂ ಏರುತ್ತವೆ. ತಿಂಗಳು ತುಂಬದ ಕೂಸುಗಳಲ್ಲಿ ಮತ್ತು ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಕೂಸುಗಳಲ್ಲಿಯೂ ಹೆಚ್ಚು ಕಾಣುತ್ತದೆ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಹೃದಯದ ನಡುಗೋಡೆ ದಪ್ಪವಾಗುವುದುಂಟು. ನಿಮಗೆ ಬಸಿರಿನಲ್ಲಿ ಸಕ್ಕರೆ ಇತ್ತೇ ಎಂಬುದನ್ನು ನೀವು ಬರೆದಿಲ್ಲ. ಇದ್ದಿದ್ದರೆ ಮುಂದಿನ ಎಕೋದಲ್ಲಿ ಆ ಗೋಡೆಯ ದಪ್ಪ ಅಳೆದು ಬರೆಯಲು ಹೇಳಿ.

ಆ ಹೊತ್ತಿಗೆ ಸಂಕಟ ಆಗಿತ್ತೇ ಎಂದು ತಿಳಿಯಲು ಒಳ್ಳೆಯ ಸಾಕ್ಷಿ ಬಳ್ಳಿ ರಕ್ತದ ಗ್ಯಾಸ್ ಪರೀಕ್ಷೆ. ಡಿಸ್ಚಾರ್ಜ್ ಸಾರಾಂಶದಲ್ಲಿ ಇದೆಯೇ ನೋಡಿ. ಬಳ್ಳಿಯ ಹತ್ತಿಪ್ಪತ್ತು ಸೆಂಟಿಮೀಟರ್ ತುಂಡಿಗೆ ಎರಡೂ ಕಡೆ ಕ್ಲ್ಯಾಂಪ್ ಹಾಕಿ, ಹೆಪಾರಿನ್ ಸವರಿದ ಸಿರಿಂಜಿನಲ್ಲಿ ಧಮನಿಯಿಂದ ಒಂದು, ಅಭಿಧಮನಿಯಿಂದ ಒಂದು ಎಂದು ಎರಡು ಮಾದರಿ ತೆಗೆಯಬೇಕು, ಒಂದು ಗಂಟೆಯೊಳಗೆ ಯಂತ್ರಕ್ಕೆ ಹಾಕಬೇಕು. ಕೂಸಿನ ಸ್ಥಿತಿ ಹೇಳುವುದು ಸಣ್ಣ ಧಮನಿ. ದಪ್ಪ ಅಭಿಧಮನಿಯಲ್ಲಿ ಸೂಜಿ ಸುಲಭವಾಗಿ ಇಳಿಯುವುದರಿಂದ ಎರಡು ಸಲವೂ ಅದರಿಂದಲೇ ತೆಗೆದುಬಿಡುವುದು ಹೆರಿಗೆ ಕೋಣೆಯ ದೊಡ್ಡ ತಪ್ಪು. ಎರಡೂ ಪಿಹೆಚ್ (ರಕ್ತ ಎಷ್ಟು ಆಮ್ಲೀಯ ಎನ್ನುವ ಅಂಕಿ, ಇಳಿದಷ್ಟೂ ಆಮ್ಲ ಹೆಚ್ಚು) ನಡುವೆ 0.02ರಷ್ಟೂ ಅಂತರ ಇಲ್ಲದಿದ್ದರೆ ಹೀಗೇ ಆಗಿದೆ ಎಂದು ಅನುಮಾನಿಸಬೇಕು. ಧಮನಿಯ ಪಿಹೆಚ್ 7.2ರ ಮೇಲಿದ್ದರೆ ನೆಮ್ಮದಿ. 7.0ಕ್ಕಿಂತ ಕೆಳಗಿದ್ದು ಬೇಸ್ ಕೊರತೆ (ಆಮ್ಲವನ್ನು ತಣಿಸುವ ಕ್ಷಾರದ ಕೊರತೆ) 12 ದಾಟಿದ್ದರೆ ಹೃದಯವೂ ಮಿದುಳೂ ನಿಗಾದಲ್ಲಿರಬೇಕು. ನಿಮ್ಮ ಕೂಸು ಕೂಡಲೇ ಅತ್ತಿದೆ, ಎಕೋದಲ್ಲಿ ಹೃದಯ ಚೆನ್ನಾಗಿ ಸಂಕುಚಿಸುತ್ತಿದೆ. ಗ್ಯಾಸ್ ಪರೀಕ್ಷೆ ಮಾಡಿರದಿದ್ದರೂ ಚಿಂತೆಯಿಲ್ಲ.

ಸಿಸೇರಿಯನ್‌ನಲ್ಲಿ ಹೃದಯಕ್ಕೆ ನಿಜವಾಗಿ ಹೊರೆ ಹಾಕಬಲ್ಲ ಸಂಗತಿಗಳು ಬೇರೆ ಇವೆ. ಇವುಗಳ ಬಗ್ಗೆ ಬಸುರಿಯರಿಗೂ ಮನೆಯವರಿಗೂ ಯಾರೂ ಹೇಳುವುದಿಲ್ಲ, ಹೇಳಲೇಬೇಕು. ಬೆನ್ನಿಗೆ ಸ್ಪೈನಲ್ ಎಂಬ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ ತಾಯಿಯ ಬಿಪಿ ಸರಕ್ಕನೆ ಇಳಿದರೆ ಮಾಸಿಗೆ ರಕ್ತ ತಗ್ಗುತ್ತದೆ. ಅದಕ್ಕೇ ಬಲ ಪಕ್ಕೆಯ ಕೆಳಗೆ ದಿಂಬಿಟ್ಟು ಹೊಟ್ಟೆಯನ್ನು ಸುಮಾರು 15 ಡಿಗ್ರಿ ಎಡಕ್ಕೆ ವಾಲಿಸುತ್ತಾರೆ, ಬಿಪಿ ಇಳಿಯುವ ಮೊದಲೇ ಅದನ್ನು ಹಿಡಿದಿಡುವ ಫಿನೈಲ್‌ಎಫ್ರಿನ್ ಔಷಧಿ ಹರಿಸುತ್ತಾರೆ. ಹಳೆಯ ಔಷಧಿ ಎಫೆಡ್ರಿನ್ ಮಾಸು ದಾಟಿ ಕೂಸಿನ ಎದೆಬಡಿತ ಏರಿಸುತ್ತದೆ, ಬಳ್ಳಿಯ ಪಿಹೆಚ್ ಇಳಿಸುತ್ತದೆ. ತಾಯಿಯ ನಾಡಿ ತೀರಾ ನಿಧಾನವಾದಾಗ ಅದು ಬೇಕಾಗಬಹುದು, ಮೊದಲ ಆಯ್ಕೆ ಆಗಬಾರದು.

ಬಳ್ಳಿ ಕತ್ತರಿಸುವ ಹೊತ್ತು ಇನ್ನೂ ಮುಖ್ಯ. ಕೂಸು ಉಸಿರಾಡುವ ಮೊದಲೇ ಬಳ್ಳಿ ಕಟ್ಟಿದರೆ ಮಾಸಿನಿಂದ ಎಡಗೋಣೆಗೆ ಬರುತ್ತಿದ್ದ ರಕ್ತ ತಟ್ಟನೆ ನಿಲ್ಲುತ್ತದೆ, ಶ್ವಾಸಕೋಶದಿಂದ ಬರಬೇಕಾದದ್ದು ಇನ್ನೂ ಶುರುವಾಗಿರುವುದಿಲ್ಲ. ಆ ನಡುವಿನ ಹೊತ್ತು ಎಡಗೋಣೆ ಬರಿದಾಗಿ ಬಡಿಯುತ್ತದೆ, ಎದೆಬಡಿತ ಕುಸಿಯುತ್ತದೆ. ಆಸ್ಟ್ರೇಲಿಯಾದ ಮೊನಾಶ್ ಸಂಶೋಧಕರು 2013ರಲ್ಲಿ ಕುರಿಮರಿಗಳಲ್ಲಿ ಇದನ್ನು ಅಳೆದು ತೋರಿಸಿದರು. ಉಸಿರಾಟ ಶುರುವಾದ ಮೇಲೆ ಬಳ್ಳಿ ಕಟ್ಟಿದ ಮರಿಗಳ ಎದೆಬಡಿತ ಸ್ಥಿರವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಕನಿಷ್ಠ ಒಂದು ನಿಮಿಷ ಕಾಯಿರಿ ಎಂದು. ಆ ನಿಮಿಷದಲ್ಲಿ ತಿಂಗಳು ತುಂಬಿದ ಕೂಸಿಗೆ ಸುಮಾರು 80 ಮಿ.ಲೀ. ರಕ್ತ ಸೇರುತ್ತದೆ. ಮೂರು ಕೆ.ಜಿ. ಕೂಸಿನ ಮೈಯಲ್ಲಿ ಒಟ್ಟು ಇರುವುದೇ 250 ಮಿ.ಲೀ. ಸುಮಾರು! ಸಿಸೇರಿಯನ್‌ನಲ್ಲೂ ಕೂಸನ್ನು ತಾಯಿಯ ತೊಡೆಯ ಮೇಲಿಟ್ಟು, ಒಣಗಿಸುತ್ತ ಇದನ್ನು ಮಾಡಬಹುದು. ಕೂಸಿಗೆ ತಕ್ಷಣ ಉಸಿರು ಕೊಡಬೇಕಾದರೆ ಅಥವಾ ತಾಯಿಗೆ ರಕ್ತಸ್ರಾವವಾಗುತ್ತಿದ್ದರೆ ಮಾತು ಬೇರೆ.

ಥಿಯೇಟರಿನ ಚಳಿಯನ್ನೂ ಸೇರಿಸಬೇಕು. ಕೂಸು ತಣ್ಣಗಾದರೆ ಶ್ವಾಸಕೋಶದ ನಾಳಗಳು ಮತ್ತೆ ಬಿಗಿದುಕೊಂಡು ಬಲಗೋಣೆಯ ಮೇಲೆ ಒತ್ತಡ ಬೀಳುತ್ತದೆ. ಹೆರಿಗೆಯಾಗುವ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದು.

ವಾರದ ಲೆಕ್ಕದಲ್ಲಿ ಮಾತ್ರ ನಿಮ್ಮ ಹೆರಿಗೆಯ ಬಗ್ಗೆ ನನ್ನದೊಂದು ತಕರಾರಿದೆ. ಬೇರೆ ವೈದ್ಯಕೀಯ ಕಾರಣ ಇಲ್ಲದಿದ್ದರೆ ಗೊತ್ತುಮಾಡಿದ ಸಿಸೇರಿಯನ್ 39 ವಾರ ತುಂಬುವ ಮೊದಲು ಆಗಬಾರದು. 37, 38ರಲ್ಲಿ ನೋವೇ ಇಲ್ಲದೆ ಹೊರಬಂದ ಕೂಸಿನ ಶ್ವಾಸಕೋಶದಲ್ಲಿ ನೀರು ಉಳಿದು ಒಂದೆರಡು ದಿನ ಮೇಲುಸಿರು ಬರುವ ಸಾಧ್ಯತೆ ಹೆಚ್ಚು. ಹಾಗಾದಾಗ ಬಲಗೋಣೆಗೆ ಹೊರೆ ಬಿದ್ದು ಎನ್‌ಟಿ-ಪ್ರೊಬಿಎನ್‌ಪಿಯೂ ಏರಬಹುದು. ಕೊಯ್ತವೇ ಹೃದಯ ಕೆಡಿಸಿತು ಎಂಬ ಭ್ರಮೆ ಹುಟ್ಟುವುದು ಇಂಥ ಕಡೆಯೇ. ಮೂಲ ಕಾರಣ ಅವಸರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್, ಕರ್ನಾಟಕದಲ್ಲಿ 31.5. ಒಳ್ಳೆಯ ನಕ್ಷತ್ರ, ಒಳ್ಳೆಯ ವಾರ ನೋಡಿ ಒಂದು ವಾರ ಮುಂಚೆ ಮಾಡಿಸಿಬಿಡೋಣ ಎನ್ನುವ ಮನೆಗಳಿಗೆ ಈ ಒಂದು ವಾರದ ಬೆಲೆ ಗೊತ್ತಿರಬೇಕು. ನಿಮ್ಮ ಮಗುವಿಗೆ ಮೇಲುಸಿರು ಬಂತೆಂದು ನೀವು ಬರೆದಿಲ್ಲ, ಬಂದಿರದಿದ್ದರೆ ಈ ಮಾತು ನಿಮ್ಮ ಮಗುವಿನ ಅಂಕಿಗೆ ತಟ್ಟುವುದಿಲ್ಲ.

ಪರೀಕ್ಷೆ ಮತ್ತೆ ಮಾಡಿಸಬೇಕೇ? ಕೂಸು ಚೆನ್ನಾಗಿ ಹಾಲು ಕುಡಿದು ತೂಕ ಹಿಡಿಯುತ್ತಿದ್ದರೆ ಈಗ ಬೇಡ. ಯಾಕೆಂದರೆ ಎರಡನೆಯ ವಾರದಿಂದ ತಿಂಗಳು ತುಂಬುವವರೆಗೆ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ. 15ನೆಯ ದಿನ 1,400 ಬಂದರೆ ಅದನ್ನು ತಿಂಗಳ ಮೇಲಿನ ಗೆರೆ 646ಕ್ಕೆ ಹೋಲಿಸಿ ಮತ್ತೊಂದು ಸುತ್ತು ಭಯಪಡುತ್ತೀರಿ. ವೈದ್ಯರೇ ಬೇಕೆಂದರೆ ಅದೇ ಲ್ಯಾಬಿನಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಒಂದು ಅಂಕಿಗಿಂತ ಎರಡರ ನಡುವಿನ ಇಳಿತ ಹೆಚ್ಚು ಹೇಳುತ್ತದೆ. ರಕ್ತ ನಾಳದಿಂದ ತೆಗೆಯಲಿ, ಅರ್ಧದಿಂದ ಒಂದು ಮಿ.ಲೀ. ಸಾಕು. ಹಿಮ್ಮಡಿ ಚುಚ್ಚಿ ಹಿಂಡಿದರೆ ಕೆಂಪು ಕಣ ಒಡೆದು ಟ್ರೋಪೊನಿನ್ ತಪ್ಪು ಬರುತ್ತದೆ, ಬಳಸುವ ವಿಧಾನದ ಮೇಲೆ ಏರಲೂಬಹುದು, ಇಳಿಯಲೂಬಹುದು. ಸಿಕೆ-ಎಂಬಿ ಎಂಬ ಹಳೆಯ ಪರೀಕ್ಷೆಯನ್ನು ಇದರ ಜೊತೆ ಸೇರಿಸಿದರೆ ಬೇಡವೆನ್ನಿ. ಹೆರಿಗೆಯಲ್ಲಿ ಮೈಯ ಮಾಂಸಖಂಡ ಹಿಂಡಿಸಿಕೊಂಡದ್ದಕ್ಕೇ ಅದು ಏರುತ್ತದೆ, ಹೃದಯದ ಬಗ್ಗೆ ಏನೂ ತಿಳಿಯುವುದಿಲ್ಲ. ಬಿಎನ್‌ಪಿ ಮಾಡಿಸಿ ಅದನ್ನು ಎನ್‌ಟಿ-ಪ್ರೊಬಿಎನ್‌ಪಿಯ ಪಕ್ಕ ಇಟ್ಟು ನೋಡುವುದೂ ತಪ್ಪು, ಎರಡರ ಅಳತೆಗೋಲು ಬೇರೆ.

ನಿಮಗೆ ಅಂಕಿಗಿಂತ ಹೆಚ್ಚು ಬೇಕಾದದ್ದು ಕೈಕಾಲಿಗೆ ಕಟ್ಟಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರಿನ ದಾಖಲೆ. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಯಲ್ಲೂ ಒಂದು ಕಾಲಲ್ಲೂ ಆಮ್ಲಜನಕ ನೋಡಬೇಕು. ಎರಡೂ ನೂರಕ್ಕೆ 95 ಅಥವಾ ಮೇಲಿದ್ದು, ನಡುವಿನ ಅಂತರ 3 ಮೀರದಿದ್ದರೆ ಸರಿ. ಯಾವುದೇ ಒಂದು 90ಕ್ಕಿಂತ ಕೆಳಗಿದ್ದರೆ ಕಾಯದೆ ಎಕೋ. ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ. ಬಲಗೈಯೇ ಯಾಕೆಂದರೆ ಅಲ್ಲಿನ ರಕ್ತ ಡಕ್ಟಸ್‌ಗಿಂತ ಮೊದಲೇ ಕವಲೊಡೆಯುತ್ತದೆ. ಎಡಗೈಯಲ್ಲಿ ನೋಡಿದರೆ ಅಂತರ ಮರೆಯಾಗಬಹುದು. ಡಿಸ್ಚಾರ್ಜ್ ಕಾಗದದಲ್ಲಿ ಇದು ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಮಾಡಿಸಿ, ಐದು ನಿಮಿಷದ ಕೆಲಸ. ಜೊತೆಗೆ ತೊಡೆಸಂದಿನ ನಾಡಿ ಎರಡೂ ಕಡೆ ಚೆನ್ನಾಗಿ ಸಿಗುತ್ತಿದೆಯೇ ಎಂದು ಮುಟ್ಟಿ ನೋಡಲು ಹೇಳಿ. ಮಹಾಧಮನಿ ಕಿರಿದಾಗಿರುವ ಕೂಸು ಡಕ್ಟಸ್ ಮುಚ್ಚುವವರೆಗೆ ಆರಾಮಾಗಿ ಕಾಣುತ್ತದೆ, ಮುಚ್ಚಿದ ಮೇಲೆ ಕುಸಿಯುತ್ತದೆ. ಮೊದಲ ಸುಳಿವು ಕೊಡುವುದು ಆ ನಾಡಿಯೇ.

30 ಗಂಟೆಗೆ ಡಕ್ಟಸ್ ತೆರೆದಿರುವುದು ದೋಷವಲ್ಲ. ತಿಂಗಳು ತುಂಬಿದ ಹೆಚ್ಚಿನ ಕೂಸುಗಳಲ್ಲಿ ಅದು ಮೂರು ದಿನದೊಳಗೆ ಮುಚ್ಚಿಕೊಳ್ಳುತ್ತದೆ, ನಿಮಗೆ ಕೇಳಿಸಿದ ಮರ್ಮರ ಬಹುಶಃ ಅದರದೇ. ಎಕೋವನ್ನು ಆರರಿಂದ ಎಂಟನೆಯ ವಾರದ ನಡುವೆ, ಲಸಿಕೆಗೆ ಹೋದಾಗಲೇ ಹೊಂದಿಸಿಕೊಂಡು, ಒಮ್ಮೆ ಮಾಡಿಸಿ. ಆ ಹೊತ್ತಿಗೆ ಶ್ವಾಸಕೋಶದ ನಾಳಗಳ ಒತ್ತಡ ಪೂರ್ತಿ ಇಳಿದಿರುತ್ತದೆ. ಸಣ್ಣ ರಂಧ್ರವಿದ್ದರೆ ಅದರ ಮೂಲಕ ರಕ್ತ ಹರಿದು ಆಗ ಸ್ಪಷ್ಟ ಕಾಣುತ್ತದೆ.

ಅಲ್ಲಿಯವರೆಗೆ ತಕ್ಕಡಿ ನೋಡಿ. 10ರಿಂದ 14ನೆಯ ದಿನದೊಳಗೆ ಹುಟ್ಟುತೂಕ 2.9 ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಮಲಗಿದ ಕೂಸಿನ ಹೊಟ್ಟೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಿ; ಶಾಂತವಾಗಿರುವಾಗಲೂ 60 ದಾಟುತ್ತಿದ್ದರೆ, ನಾಲ್ಕು ಗುಟುಕು ಎಳೆದು ದಣಿದು ಮೊಲೆ ಬಿಡುತ್ತಿದ್ದರೆ, ಕುಡಿಯುವಾಗ ಹಣೆ ಬೆವರುತ್ತಿದ್ದರೆ ಅದೇ ದಿನ ತೋರಿಸಿ. ಅಂಗೈ ಅಂಗಾಲು ತುಸು ನೀಲಿಯಾಗುವುದು ಈ ವಯಸ್ಸಿಗೆ ಸಹಜ. ನಾಲಿಗೆ, ತುಟಿಯ ಒಳಭಾಗ ನೀಲಿಯಾದರೆ ರಾತ್ರಿಯಾದರೂ ಸರಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ನೇರ ಹೋಗಿ. ಹೋಗುವಾಗ ಎಕೋ ವರದಿಯನ್ನೂ ರಕ್ತ ಪರೀಕ್ಷೆಯ ಕಾಗದವನ್ನೂ ಒಯ್ಯಿರಿ, ಅದರ ಮೇಲೆ ರಕ್ತ ತೆಗೆದಾಗ ಕೂಸಿಗೆ 30 ಗಂಟೆಯಾಗಿತ್ತು ಎಂದು ಪೆನ್ನಿನಲ್ಲಿ ಬರೆದಿಡಿ.